ವಜ್ರ ಸಿಕ್ಕಿತು, ಪಾಲು ಸಿಕ್ಕಲಿಲ್ಲ

ನೆಲದಡಿಯ ಸಂಪತ್ತು ದೇಶಕ್ಕೆ ಶಾಪ ಎನ್ನುವವರ ಬಾಯಿ ಮುಚ್ಚಿಸಿದ ದೇಶ ಬೋಟ್ಸ್ವಾನಾ. ಅಲ್ಲಿ ಗಣಿಗಾಗಿ ಅಂತರ್ಯುದ್ಧ ನಡೆಯಲಿಲ್ಲ, ಸೇನೆ ಗದ್ದುಗೆ ಹತ್ತಲಿಲ್ಲ, ಬೊಕ್ಕಸ ಲೂಟಿಯಾಗಲಿಲ್ಲ. ಬೆಳವಣಿಗೆಯ ಓಟದಲ್ಲಿ ಅದು ಜಗತ್ತನ್ನೇ ಹಿಂದೆ ಹಾಕಿತು. ಆದರೂ ಉಳ್ಳವರ ಮತ್ತು ಇಲ್ಲದವರ ನಡುವಿನ ಕಂದಕ ಅತಿ ಆಳವಾಗಿರುವ ದೇಶಗಳ ಪಟ್ಟಿಯಲ್ಲಿ ಅದರ ಹೆಸರು ಮೇಲೆಯೇ ಇದೆ. ಯಾಕೆ ಹೀಗಾಯಿತು?

2024ರ ಆಗಸ್ಟ್ 22. ಗ್ಯಾಬರೋನ್ ನಗರದ ಅಧ್ಯಕ್ಷರ ಕಚೇರಿ. ಸಾಲುಗಟ್ಟಿದ ಕ್ಯಾಮೆರಾಗಳ ಮುಂದೆ ಅಧ್ಯಕ್ಷ ಮೊಕ್ವೀಟ್ಸಿ ಮಾಸಿಸಿ ಎತ್ತಿ ಹಿಡಿದದ್ದು ಮಬ್ಬು ಗಾಜಿನ ಗಡ್ಡೆಯಂತೆ ಕಾಣುವ ಒಂದು ಕಲ್ಲು. ತೂಕ 2,492 ಕ್ಯಾರೆಟ್. ಅರ್ಧ ಕಿಲೋಗೆ ಎರಡು ಗ್ರಾಮೂ ಕಡಿಮೆಯಿಲ್ಲ. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ 3,106 ಕ್ಯಾರೆಟ್ಟಿನ ಕಲಿನನ್ ಬಿಟ್ಟರೆ ರತ್ನದರ್ಜೆಯ ಇಷ್ಟು ದೊಡ್ಡ ವಜ್ರವನ್ನು ಜಗತ್ತು ಕಂಡಿರಲಿಲ್ಲ. ಕಾರೋವೆ ಗಣಿಯಲ್ಲಿ ಬಂಡೆ ಪುಡಿ ಮಾಡುವ ಯಂತ್ರದ ಬಾಯಿಗೆ ಬಿದ್ದು ಚೂರಾಗುವ ಮೊದಲೇ ಎಕ್ಸ್‌-ರೇ ಉಪಕರಣ ಅದನ್ನು ಗುರುತಿಸಿ ಬದಿಗೆ ಸರಿಸಿತ್ತು.

ಹತ್ತು ವಾರ ತುಂಬುವ ಮೊದಲೇ, ಅಕ್ಟೋಬರ್ 30ರಂದು, ಚುನಾವಣೆ ನಡೆಯಿತು. ಸ್ವಾತಂತ್ರ್ಯ ಬಂದಂದಿನಿಂದ 58 ವರ್ಷ ಸತತವಾಗಿ ಆಳಿದ್ದ ಮಾಸಿಸಿಯವರ ಪಕ್ಷಕ್ಕೆ ದಕ್ಕಿದ್ದು ಚುನಾಯಿತ 61 ಸ್ಥಾನಗಳಲ್ಲಿ ನಾಲ್ಕೇ ನಾಲ್ಕು. ಅವರು ಸೋಲೊಪ್ಪಿ ತಣ್ಣಗೆ ಅಧಿಕಾರ ಬಿಟ್ಟುಕೊಟ್ಟರು, ವಕೀಲ ಡೂಮಾ ಬೋಕೊ ಅಧ್ಯಕ್ಷರಾದರು. ಗುಂಡು ಹಾರಲಿಲ್ಲ, ಟೈರು ಸುಡಲಿಲ್ಲ. ಪ್ರಚಾರದ ಉದ್ದಕ್ಕೂ ಕೇಳಿಬಂದದ್ದು ಕೆಲಸವಿಲ್ಲದ ಯುವಕರ ಸಿಟ್ಟು. ದುಡಿಯುವ ವಯಸ್ಸಿನವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಉದ್ಯೋಗವಿರಲಿಲ್ಲ. ವಜ್ರದ ನಾಡಿನಲ್ಲಿ ಹುಟ್ಟಿ, ವಜ್ರದ ಹಣದಲ್ಲಿ ಓದಿ, ಪದವಿಪತ್ರ ಹಿಡಿದು ಮನೆಯಲ್ಲಿ ಕೂತವರು ಅವರು.

ಶತಮಾನಕ್ಕೊಮ್ಮೆ ಸಿಗುವ ಕಲ್ಲು ಮತ್ತು ಶತಮಾನಾರ್ಧದ ಪಕ್ಷವನ್ನು ಕಿತ್ತೊಗೆದ ಮತ, ಇವೆರಡೂ ಒಂದೇ ಕಥೆಯ ಭಾಗ. ಖನಿಜ ಸಂಪತ್ತಿನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಅದರಿಂದ ದೇಶ ಬೆಳೆಯುತ್ತದೋ ಹಾಳಾಗುತ್ತದೋ? ಈ ಪ್ರಶ್ನೆಗೆ ಬೋಟ್ಸ್ವಾನಾ ಕೊಟ್ಟ ಉತ್ತರ ಸ್ಪಷ್ಟವಾಗಿದೆ: ಆಡಳಿತ ಸರಿಯಿದ್ದರೆ ಬೆಳೆಯುತ್ತದೆ. ಬೆಳೆದದ್ದು ಯಾರ ಮನೆಗೆ ಹೋಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಒಳ್ಳೆಯ ಆಡಳಿತವೊಂದೇ ಅದಕ್ಕೆ ಉತ್ತರವಲ್ಲ ಎಂಬುದು ಈ ಲೇಖನದ ವಾದ. ಗಣಿಯ ಹಣ ಹೊಸ ಸಮಾಜವನ್ನು ಕಟ್ಟುವುದಿಲ್ಲ. ಇದ್ದ ಕಾಲುವೆಗಳಲ್ಲೇ ಮಳೆನೀರು ಹರಿಯುವಂತೆ, ಗಣಿ ತೆರೆಯುವ ಹೊತ್ತಿಗೆ ಯಾರ ಕೈಯಲ್ಲಿ ಭೂಮಿ, ದನ, ಓದು, ಅಧಿಕಾರ ಇತ್ತೋ ಅವರ ಕಡೆಗೇ ಅದು ಹರಿಯುತ್ತದೆ.

ಶಾಪದ ಸಿದ್ಧಾಂತ

‘ಸಂಪನ್ಮೂಲದ ಶಾಪ’ ಎಂಬ ಮಾತನ್ನು ಅರ್ಥಶಾಸ್ತ್ರಕ್ಕೆ ತಂದವರು ರಿಚರ್ಡ್ ಆಟಿ, 1993ರಲ್ಲಿ. ಎರಡು ವರ್ಷದ ಬಳಿಕ ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ ಲೆಕ್ಕ ಹಾಕಿ ತೋರಿಸಿದರು: 1970ರ ಹೊತ್ತಿಗೆ ಖನಿಜ, ತೈಲ, ಕೃಷಿ ಸರಕುಗಳ ರಫ್ತನ್ನೇ ಹೆಚ್ಚು ನೆಚ್ಚಿಕೊಂಡಿದ್ದ ದೇಶಗಳು ಮುಂದಿನ ಎರಡು ದಶಕಗಳಲ್ಲಿ ಉಳಿದವುಗಳಿಗಿಂತ ನಿಧಾನವಾಗಿ ಬೆಳೆದಿದ್ದವು. ಕಾರಣಗಳು ಈಗ ಎಲ್ಲರಿಗೂ ಪರಿಚಿತ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 1959ರಲ್ಲಿ ಅನಿಲ ಸಿಕ್ಕ ಮೇಲೆ ಅಲ್ಲಿನ ಹಣದ ಬೆಲೆ ಏರಿತು, ಕಾರ್ಖಾನೆಯ ಸರಕು ಹೊರಗಿನವರಿಗೆ ತುಟ್ಟಿಯಾಯಿತು, ಕಾರ್ಖಾನೆಗಳು ಸೊರಗಿದವು. ‘ಡಚ್ ಕಾಯಿಲೆ’ ಎಂಬ ಹೆಸರು ಬಂದದ್ದು ಹಾಗೆ. ನೈಜೀರಿಯಾದ ಒಲೋಯಿಬಿರಿಯಲ್ಲಿ 1956ರಲ್ಲಿ ತೈಲ ಸಿಕ್ಕಿತು. ಅಂದಿನಿಂದ ಆ ದೇಶದ ರಾಜಕಾರಣ ಬಹುಪಾಲು ತೈಲದ ಹಣದ ಸುತ್ತಲೇ ಗಿರಕಿ ಹೊಡೆದಿದೆ. ಜನರಿಂದ ತೆರಿಗೆ ಕೇಳಬೇಕಿಲ್ಲದ ಸರ್ಕಾರ ಜನರಿಗೆ ಉತ್ತರ ಹೇಳುವ ಅಭ್ಯಾಸವನ್ನೂ ಬಿಡುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಖನಿಜವನ್ನು ನೆಚ್ಚಿಕೊಂಡದ್ದರಿಂದ ದೇಶ ಹಿಂದುಳಿಯಿತೋ, ಅಥವಾ ಹಿಂದುಳಿದು ಬೇರೇನೂ ಮಾಡಲಾರದ ಕಾರಣಕ್ಕೆ ಖನಿಜವನ್ನು ನೆಚ್ಚಿಕೊಂಡಿತೋ? ಕಾರ್ಖಾನೆಯಿಲ್ಲದ ದೇಶದಲ್ಲಿ ಸಣ್ಣ ಗಣಿಯೂ ರಫ್ತಿನ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ನೆಲದಡಿಯಲ್ಲಿ ಎಷ್ಟಿದೆ ಎಂಬುದನ್ನೇ ಅಳೆದು ನೋಡಿದ ನಂತರದ ಅಧ್ಯಯನಗಳಲ್ಲಿ ಶಾಪದ ಕುರುಹು ಬಹಳಷ್ಟು ಮಸುಕಾಯಿತು. ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ನೂರು ದೇಶಗಳ ಸರಾಸರಿಯನ್ನು ಪಕ್ಕಕ್ಕಿಟ್ಟು, ಬೆಳವಣಿಗೆಯ ಪರೀಕ್ಷೆಯಲ್ಲಿ ಪಾಸಾದ ಒಂದೇ ದೇಶವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಲ್ಲಿ ಅಸಮಾನತೆಗೆ ದುರಾಡಳಿತವನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ.

ಹನ್ನೆರಡು ಕಿಲೋಮೀಟರ್ ಡಾಂಬರು

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರು ಬೆಚುವಾನಾಲ್ಯಾಂಡ್ (ಇಂದಿನ ಬೋಟ್ಸ್ವಾನಾ) ಬಿಟ್ಟು ಹೊರಟಾಗ ಇಡೀ ದೇಶದಲ್ಲಿ ಇದ್ದದ್ದು 12 ಕಿಲೋಮೀಟರ್ ಡಾಂಬರು ರಸ್ತೆ, 22 ಪದವೀಧರರು. 1965ರವರೆಗೆ ಆಡಳಿತ ಕೇಂದ್ರವೂ ದೇಶದೊಳಗೆ ಇರಲಿಲ್ಲ. ಗಡಿಯಾಚೆ ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿತ್ತು. ಬರದ ಮೇಲೆ ಬರ ಬಿದ್ದು ದನಗಳು ಸತ್ತಿದ್ದವು. ಮರುವರ್ಷ, 1967ರಲ್ಲಿ, ಒರಾಪಾದಲ್ಲಿ ವಜ್ರ ಸಿಕ್ಕಿತು.

ಆ ಹೊತ್ತಿನಲ್ಲಿ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸರ್ಕಾರ ಮಾಡಿದ ಕೆಲಸ ಸಣ್ಣದಲ್ಲ. ಒರಾಪಾ ಇದ್ದದ್ದು ಖಾಮಾ ಅವರದೇ ಬಂಗ್ವಾಟೊ ಬುಡಕಟ್ಟಿನ ನೆಲದಲ್ಲಿ. ಖನಿಜ ನಮ್ಮವರದ್ದು ಎಂದು ಅವರು ಹೇಳಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಆದರೆ 1967ರ ಗಣಿ ಕಾಯ್ದೆ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ದೇಶಕ್ಕೆ ವರ್ಗಾಯಿಸಿತು. ಆಫ್ರಿಕಾದ ಎಷ್ಟೋ ಕಡೆ ಗಣಿಗಾಗಿ ನಡೆದ ಅಂತರ್ಯುದ್ಧ ಇಲ್ಲಿ ಹುಟ್ಟುವ ಮೊದಲೇ ಸತ್ತಿತು. ವಜ್ರ ಅಗೆಯುತ್ತಿದ್ದ ಡಿ ಬಿಯರ್ಸ್ ಕಂಪನಿ ಮೊದಲು ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದು ಶೇ 15ರ ಪಾಲು. ಖಾಮಾ ಸರ್ಕಾರ ಮತ್ತೆ ಮಾತುಕತೆಗೆ ಕೂತು 1975ರಲ್ಲಿ ಅದನ್ನು ಶೇ 50ಕ್ಕೆ ಏರಿಸಿತು. ಪಾಲು, ತೆರಿಗೆ, ರಾಜಧನ ಎಲ್ಲ ಸೇರಿ ಗಣಿ ಲಾಭದ ಸಿಂಹಪಾಲು ಬೊಕ್ಕಸಕ್ಕೆ ಬರತೊಡಗಿತು. 1982ರಲ್ಲಿ ತೆರೆದ ಜ್ವಾನೆಂಗ್ ಗಣಿ, ಸಿಗುವ ವಜ್ರದ ಬೆಲೆಯ ಲೆಕ್ಕದಲ್ಲಿ, ಜಗತ್ತಿನ ಅತಿ ಶ್ರೀಮಂತ ಗಣಿ ಎನಿಸಿಕೊಂಡಿತು.

ಹಣ ಬಂದ ಮೇಲೂ ತಲೆ ತಿರುಗಲಿಲ್ಲ. ಗಣಿ ಆದಾಯವನ್ನು ದಿನದ ಖರ್ಚಿಗೆ ಬಳಸಬಾರದು, ರಸ್ತೆ–ಶಾಲೆ–ಆಸ್ಪತ್ರೆಗಳಿಗೇ ಹಾಕಬೇಕು ಎಂಬ ಕಟ್ಟುಪಾಡನ್ನು ಆರ್ಥಿಕ ಇಲಾಖೆ ಹಾಕಿಕೊಂಡಿತು. ಮಿಕ್ಕದ್ದನ್ನು ಮುಂದಿನವರಿಗಾಗಿ ಕೂಡಿಡಲು 1994ರಲ್ಲಿ ಪುಲಾ ನಿಧಿ ಹುಟ್ಟಿತು. ಅದೇ ವರ್ಷ ವಿಶ್ವಸಂಸ್ಥೆಯ ‘ಅತಿ ಹಿಂದುಳಿದ ದೇಶ’ಗಳ ಪಟ್ಟಿಯಿಂದ ಹೊರಬಂದ ಮೊದಲ ದೇಶವೂ ಬೋಟ್ಸ್ವಾನಾವೇ. 1965ರಿಂದ 1998ರವರೆಗೆ ಅದರ ತಲಾ ಆದಾಯ ವರ್ಷಕ್ಕೆ ಸರಾಸರಿ ಶೇ 7.7ರಂತೆ ಬೆಳೆಯಿತು. ದಕ್ಷಿಣ ಕೊರಿಯಾ, ಸಿಂಗಪುರ ಕೂಡ ಅಷ್ಟು ವೇಗದಲ್ಲಿ ಓಡಿರಲಿಲ್ಲ. ಏಡ್ಸ್ ಅಪ್ಪಳಿಸಿ ವಯಸ್ಕರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಸೋಂಕಿತರಾದಾಗ, 2002ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಔಷಧಿ ಕೊಡುವ ಧೈರ್ಯ ಮಾಡಿದ್ದೂ ವಜ್ರದ ಬಲ ಬೆನ್ನಿಗಿದ್ದದ್ದರಿಂದಲೇ.

ಚೌಕಟ್ಟಿನಲ್ಲಿ: ಅಂಕಿಗಳಲ್ಲಿ ಬೋಟ್ಸ್ವಾನಾ
▪ ರಫ್ತಿನಲ್ಲಿ ವಜ್ರದ ಪಾಲು: ಒಳ್ಳೆಯ ವರ್ಷಗಳಲ್ಲಿ ಸುಮಾರು ಶೇ 80
▪ ಸರ್ಕಾರದ ಆದಾಯದಲ್ಲಿ: ಸುಮಾರು ಮೂರನೇ ಒಂದು ಭಾಗ
▪ ಅಸಮಾನತೆಯ ಗಿನಿ ಸೂಚ್ಯಂಕ (0 ಎಂದರೆ ಎಲ್ಲರೂ ಸಮ, 100 ಎಂದರೆ ಎಲ್ಲವೂ ಒಬ್ಬನದು): 2015–16ರಲ್ಲಿ 53.3. ನಾರ್ವೆಯದು 30ಕ್ಕಿಂತ ಕೆಳಗೆ

ದನದ ದೊಡ್ಡಿಯ ಒಡೆಯರು

ಇಷ್ಟೆಲ್ಲ ಸರಿ ಮಾಡಿದ ದೇಶದ ಗಿನಿ ಸೂಚ್ಯಂಕ 53 ಯಾಕೆ? ಮೊದಲ ಕಾರಣ ಗಣಿಯ ಸ್ವಭಾವದಲ್ಲೇ ಇದೆ. ಜ್ವಾನೆಂಗ್‌ನ ಆಳದ ಗುಂಡಿಯಲ್ಲಿ ಅಡ್ಡಾಡುವುದು ಮನೆಯಷ್ಟೆತ್ತರದ ಲಾರಿಗಳು. ಮನುಷ್ಯರು ಕಾಣುವುದು ಅಪರೂಪ. ದೇಶದ ಅರ್ಥವ್ಯವಸ್ಥೆಯನ್ನೇ ಹೊತ್ತ ಗಣಿಗಳಿಗೆ ಬೇಕಾದದ್ದು ಕೆಲವೇ ಸಾವಿರ ಕೆಲಸಗಾರರು. ಬಟ್ಟೆ ಗಿರಣಿ ಊರಿನ ಸಾವಿರಾರು ಮನೆಗಳಿಗೆ ಸಂಬಳ ಹಂಚುತ್ತದೆ, ಗಣಿಯ ಹಣ ಬರುವುದು ಒಂದೇ ಚೆಕ್ಕಿನಲ್ಲಿ, ಸರ್ಕಾರದ ಹೆಸರಿಗೆ. ಅಲ್ಲಿಂದಾಚೆ ಅದು ತಲುಪುವುದು ಸರ್ಕಾರ ತಲುಪಿಸಿದವರಿಗೆ ಮಾತ್ರ. ಹಾಗಾಗಿ ಸರ್ಕಾರಿ ನೌಕರಿ ಸಿಕ್ಕವನಿಗೂ ಕಲಹಾರಿಯ ಅಂಚಿನಲ್ಲಿ ಆಡು ಕಾಯುವವನಿಗೂ ನಡುವಿನ ಅಂತರ ಹಿಗ್ಗುತ್ತ ಹೋಯಿತು. 1910ರಿಂದಲೂ ದಕ್ಷಿಣ ಆಫ್ರಿಕಾದೊಂದಿಗೆ ಸುಂಕದ ಒಕ್ಕೂಟದಲ್ಲಿರುವ ಈ ದೇಶಕ್ಕೆ ದಿನಬಳಕೆಯ ಸರಕು ಬಹುಪಾಲು ಗಡಿಯಾಚೆಯಿಂದಲೇ ಬರುತ್ತದೆ. ವಜ್ರದ ಹಣದಲ್ಲಿ ಸಾಮಾನು ಕೊಂಡಾಗ ಕೆಲಸ ಹುಟ್ಟುವುದು ಜೋಹಾನ್ಸ್‌ಬರ್ಗ್‌ನಲ್ಲಿ.

ಎರಡನೆಯ ಕಾರಣ ವಜ್ರಕ್ಕಿಂತ ಹಳೆಯದು. ವಜ್ರ ಸಿಗುವ ಮೊದಲು ಈ ನಾಡಿನ ಸಂಪತ್ತು ಎಂದರೆ ದನ. ಹಳ್ಳಿಗಳ ಹತ್ತಿರ ಹತ್ತಿರ ಅರ್ಧದಷ್ಟು ಕುಟುಂಬಗಳಿಗೆ ಒಂದು ದನವೂ ಇರಲಿಲ್ಲ. ಇನ್ನೊಂದು ತುದಿಯಲ್ಲಿ ಸಾವಿರಾರು ದನಗಳ ಒಡೆಯರು. ಸ್ವತಂತ್ರ ದೇಶದ ಮೊದಲ ಮಂತ್ರಿಗಳು, ಹಿರಿಯ ಅಧಿಕಾರಿಗಳು ಬಂದದ್ದು ಬಹುತೇಕ ಈ ತುದಿಯಿಂದ. ಅವರು ಕಳ್ಳರಲ್ಲ. ಪ್ರಾಮಾಣಿಕವಾಗಿಯೇ ತಮಗೆ ಗೊತ್ತಿದ್ದ ಜಗತ್ತಿಗೆ ಬಂಡವಾಳ ಹಾಕಿದರು. ಸರ್ಕಾರದ ಖರ್ಚಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಬಂತು, ರೋಗ ತಡೆಯಲು ನೂರಾರು ಮೈಲಿ ಬೇಲಿ ಎದ್ದಿತು, ಯುರೋಪಿನ ಮಾರುಕಟ್ಟೆಗೆ ಸುಂಕದ ರಿಯಾಯಿತಿಯೊಂದಿಗೆ ಮಾಂಸ ಹೊರಟಿತು. ಇದರ ಲಾಭ ಸಿಕ್ಕಿದ್ದು ಮಾರಲು ದನ ಇದ್ದವರಿಗೆ. 1975ರ ಹುಲ್ಲುಗಾವಲು ನೀತಿಯಂತೂ ಎಲ್ಲರೂ ಮೇಯಿಸುತ್ತಿದ್ದ ಬುಡಕಟ್ಟು ಭೂಮಿಗೆ ಬೇಲಿ ಹಾಕಿ ದೀರ್ಘ ಗುತ್ತಿಗೆಗೆ ಕೊಡುವ ದಾರಿ ತೆರೆಯಿತು. ಕೊಳವೆಬಾವಿ ಕೊರೆಸುವ ತಾಕತ್ತು ಇದ್ದವನಿಗೆ ಸುತ್ತಲಿನ ಹುಲ್ಲೂ ಸಿಕ್ಕಿತು.

ಕೊಳವೆಬಾವಿ ಎಂದಾಗ ಇನ್ನೊಂದು ಬಾವಿಯ ಕಥೆ ಹೇಳಲೇಬೇಕು. ಮಧ್ಯ ಕಲಹಾರಿ ಅಭಯಾರಣ್ಯದಲ್ಲಿ ಬೇಟೆ–ಗೆಡ್ಡೆಗೆಣಸು ನಂಬಿ ಬದುಕಿದ್ದ ಸಾನ್ ಜನರನ್ನು ಸರ್ಕಾರ 1997ರಲ್ಲಿ ಮತ್ತು 2002ರಲ್ಲಿ ಹೊರಗೆ ಸಾಗಿಸಿತು. ಮೋಥೊಮೆಲೊ ಎಂಬಲ್ಲಿ ಅವರಿಗೆ ನೀರು ಕೊಡುತ್ತಿದ್ದ ಕೊಳವೆಬಾವಿಯ ಪಂಪು ಕಳಚಿ ಬಾಯಿ ಮುಚ್ಚಿಸಿತು. ಅದೇ ಅಭಯಾರಣ್ಯದಲ್ಲಿ ವಜ್ರದ ನಿಕ್ಷೇಪವೂ ಇತ್ತು. ಗಣಿಗೂ ಒಕ್ಕಲೆಬ್ಬಿಸಿದ್ದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ಸಾಧಿಸುತ್ತಲೇ ಬಂತು. ಸಂಬಂಧ ಇತ್ತೋ ಇಲ್ಲವೋ, ಗಣಿ ಕಂಪನಿಗೆ ಅಲ್ಲಿ ನೀರಿಗಾಗಿ ಕೊಳವೆಬಾವಿ ಕೊರೆಯಲು ಅನುಮತಿ ಇತ್ತು, ಅಲ್ಲೇ ಹುಟ್ಟಿದವರಿಗೆ ಇರಲಿಲ್ಲ. 2006ರಲ್ಲಿ ಹೈಕೋರ್ಟು ಸಾನ್ ಜನರ ಪರ ತೀರ್ಪು ಕೊಟ್ಟಿತು. ನೀರಿನ ಹಕ್ಕಿಗಾಗಿ ಮತ್ತೆ ಕೋರ್ಟು ಹತ್ತಿ, ಅವರು ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದದ್ದು 2011ರ ಜನವರಿಯಲ್ಲಿ. ಕಾನೂನು ಸತ್ತಿಲ್ಲದ ದೇಶ ಎಂಬುದಕ್ಕೆ ಇದು ಸಾಕ್ಷಿ. ಆ ಕಾನೂನು ಯಾರಿಗೆ ಮೊದಲು, ಯಾರಿಗೆ ಒಂಬತ್ತು ವರ್ಷದ ಮೇಲೆ ದಕ್ಕುತ್ತದೆ ಎಂಬುದಕ್ಕೂ ಇದೇ ಸಾಕ್ಷಿ.

‘ನಾರ್ವೆಯನ್ನು ನೋಡಿ’ ಎನ್ನುವವರಿಗೆ

ಇಷ್ಟು ಹೇಳಿದಾಗ ಸಾಮಾನ್ಯವಾಗಿ ಎದುರಾಗುವ ಮಾತು: ನಾರ್ವೆಗೂ ತೈಲ ಸಿಕ್ಕಿತಲ್ಲ, ಅಲ್ಲಿ ಅಸಮಾನತೆ ಯಾಕಿಲ್ಲ? ಎಕೋಫಿಸ್ಕ್‌ನಲ್ಲಿ ತೈಲ ಸಿಕ್ಕಿದ್ದು 1969ರ ಕೊನೆಯಲ್ಲಿ. ಆ ಹೊತ್ತಿಗೆ ನಾರ್ವೆಯಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಹೋಗುತ್ತಿದ್ದರು, ಕಾರ್ಮಿಕ ಸಂಘಗಳು ದೇಶಮಟ್ಟದಲ್ಲಿ ಕೂತು ಕೂಲಿ ನಿಗದಿ ಮಾಡುತ್ತಿದ್ದವು, ಹಡಗು, ಮೀನು, ಜಲವಿದ್ಯುತ್ ಎಂದು ದುಡಿಮೆಗೆ ನಾಲ್ಕಾರು ದಾರಿಗಳಿದ್ದವು. ತೈಲ ನಾರ್ವೆಯನ್ನು ಸಮಾನಗೊಳಿಸಲಿಲ್ಲ. ಮೊದಲೇ ಸಾಕಷ್ಟು ಸಮಾನವಾಗಿದ್ದ ಸಮಾಜ ತೈಲದ ಹಣವನ್ನು ತನ್ನ ರೂಢಿಯಂತೆ ಹಂಚಿಕೊಂಡಿತು. ಬೋಟ್ಸ್ವಾನಾ ಕೂಡ ಮಾಡಿದ್ದು ಅದನ್ನೇ. ವ್ಯತ್ಯಾಸವಿದ್ದದ್ದು ರೂಢಿಯಲ್ಲಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಸಮಾನತೆ ಇದ್ದರೇನಂತೆ? ಬಡವನ ಮಗನೂ ಶಾಲೆ ಕಂಡ, ಬಡವಿಗೂ ಔಷಧಿ ಸಿಕ್ಕಿತು. ವಜ್ರ ಇಲ್ಲದಿದ್ದರೆ ಇದೂ ಇರುತ್ತಿರಲಿಲ್ಲ. ನಿಜ, ಅಲ್ಲಗಳೆಯಲಾಗದು. ಆದರೆ ಬಡವರಿಗೆ ಸಿಕ್ಕಿದ್ದು ಬಜೆಟ್ಟಿನ ಮೂಲಕ ಬಂದ ಸೇವೆ, ಉಳ್ಳವರಿಗೆ ಸಿಕ್ಕಿದ್ದು ಆಸ್ತಿ. ಬಜೆಟ್ ಒಣಗಿದ ದಿನ ಸೇವೆ ನಿಲ್ಲುತ್ತದೆ. ದನ, ಭೂಮಿ, ಕಟ್ಟಡ ಉಳಿಯುತ್ತವೆ. ಆ ದಿನ ಈಗ ಬಂದಿದೆ. ಪ್ರಯೋಗಾಲಯದಲ್ಲಿ ವಾರಗಟ್ಟಲೆಯಲ್ಲಿ ಬೆಳೆಯುವ ವಜ್ರ ಗಣಿ ವಜ್ರದ ಬೆಲೆಯನ್ನು ಕೆಡವಿದೆ. ಜಗತ್ತಿನ ಹತ್ತರಲ್ಲಿ ಒಂಬತ್ತು ವಜ್ರಗಳಿಗೆ ಹೊಳಪು ಕೊಡುವ ಭಾರತ, ಅದರಲ್ಲೂ ಸೂರತ್, ಈ ಹೊಸ ವಜ್ರದ ದೊಡ್ಡ ತಯಾರಕನೂ ಹೌದು. 2024ರಲ್ಲಿ ಬೋಟ್ಸ್ವಾನಾದ ಅರ್ಥವ್ಯವಸ್ಥೆ ಸುಮಾರು ಶೇ 3ರಷ್ಟು ಕುಗ್ಗಿತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬೋಕೊ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಕಾರಣ ಸಾಂಕ್ರಾಮಿಕ ರೋಗವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಮುಗಿದಿತ್ತು.

ಬಳ್ಳಾರಿಯಲ್ಲಿ ನಡೆದದ್ದು

ನಮ್ಮ ಬಳ್ಳಾರಿ ಇದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಎಡವಿತು. ಬೋಟ್ಸ್ವಾನಾ ಗಣಿಯ ಲಾಭವನ್ನು ಮೊದಲು ಬೊಕ್ಕಸಕ್ಕೆ ತಂದು ಆಮೇಲೆ ಹಂಚುವುದರಲ್ಲಿ ಸೋತಿತು. ಇಲ್ಲಿ ಬೊಕ್ಕಸಕ್ಕೆ ತರುವುದೇ ಆಗಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಚೀನಾದ ಉಕ್ಕಿನ ಹಸಿವಿಗೆ ಕಬ್ಬಿಣದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿ ಮುಟ್ಟಿತ್ತು. ಆಗ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಬೆಲೆಯ ಶೇ 10ರಷ್ಟು ರಾಜಧನ ಎಂಬ ನಿಯಮ ಬಂದದ್ದು 2009ರ ಆಗಸ್ಟ್‌ನಲ್ಲಿ, ಸುಗ್ಗಿ ಬಹುಪಾಲು ಮುಗಿದ ಮೇಲೆ. ನಡುವಿನ ಹಣವೆಲ್ಲ ಗುತ್ತಿಗೆ ಇದ್ದವರದ್ದು, ಇಲ್ಲದೆಯೂ ಅಗೆದವರದ್ದು. ‘ಗಣಿಧಣಿ’ ಎಂಬ ಪದ ಪತ್ರಿಕೆಗಳ ತಲೆಬರಹಕ್ಕೆ ಏರಿದ್ದು ಆ ದಿನಗಳಲ್ಲಿ. ಸೊಂಡೂರು–ಹೊಸಪೇಟೆ ಹಾದಿಯ ಪಟ್ಟಾ ಹೊಲಗಳೂ ಅಗೆತಕ್ಕೆ ಹೋದವು. ಅದಿರು ಒಡೆಯುವ ಕೂಲಿಯವರ ಪಾಲಿಗೆ ಉಳಿದದ್ದು ಕೆಂಪು ಧೂಳು.

ಚೌಕಟ್ಟಿನಲ್ಲಿ: ಬಳ್ಳಾರಿಯ ಲೆಕ್ಕ
▪ 2006–2010ರ ನಡುವೆ ಅಕ್ರಮವಾಗಿ ರಫ್ತಾದ ಅದಿರು, ಲೋಕಾಯುಕ್ತ ವರದಿಯ ಪ್ರಕಾರ: 2.98 ಕೋಟಿ ಟನ್. ಮೌಲ್ಯ 12,228 ಕೋಟಿ ರೂಪಾಯಿ
▪ ನ್ಯಾ. ಸಂತೋಷ್ ಹೆಗ್ಡೆ ವರದಿ ಸಲ್ಲಿಸಿದ್ದು: 2011ರ ಜುಲೈ 27. ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು: ಜುಲೈ 29
▪ ಆ ವರ್ಷದ ಜನಗಣತಿಯಲ್ಲಿ ಸಾಕ್ಷರತೆ: ರಾಜ್ಯ ಶೇ 75.36, ಬಳ್ಳಾರಿ ಜಿಲ್ಲೆ ಶೇ 67.43

ಆಮೇಲೆ ನಿಯಮಗಳು ಬಿಗಿಯಾದವು. ಅದಿರು ಇ–ಹರಾಜಿಗೆ ಬಂತು. ಗಣಿಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶದಂತೆ ಸಾವಿರಾರು ಕೋಟಿ ರೂಪಾಯಿ ಜಮೆಯಾಯಿತು, ವರ್ಷಗಟ್ಟಲೆ ಖಾತೆಯಲ್ಲೇ ಕೂತಿತು. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಹೆಚ್ಚುವರಿಯಾಗಿ ಕಟ್ಟಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದಿತು. ಕರ್ನಾಟಕ ಅದೇ ಡಿಸೆಂಬರಿನಲ್ಲಿ ಅಂಥ ತೆರಿಗೆಯ ಮಸೂದೆ ಅಂಗೀಕರಿಸಿತು. ಬೊಕ್ಕಸಕ್ಕೆ ತರುವ ಪಾಠವನ್ನು ತಡವಾಗಿಯಾದರೂ ಕಲಿತೆವು ಎನ್ನೋಣ.

ಹಂಚುವ ಪಾಠ ಇನ್ನೂ ಬಾಕಿ ಇದೆ. ಖನಿಜ ಪ್ರತಿಷ್ಠಾನದ ಮಾರ್ಗಸೂಚಿಯ ಒತ್ತು ಇರುವುದು ಯೋಜನೆಗಳ ಮೇಲೆ: ಕುಡಿಯುವ ನೀರು, ಶಾಲೆ, ಆರೋಗ್ಯ. ಬೇಕಾದದ್ದೇ. ಆದರೆ ಯೋಜನೆ ಎಂದರೆ ಕಾಮಗಾರಿ, ಕಾಮಗಾರಿ ಎಂದರೆ ಟೆಂಡರು, ಟೆಂಡರು ಎಂದರೆ ಊರಿನಲ್ಲಿ ಮೊದಲೇ ಬಲವಾಗಿದ್ದವರು. ಇದಕ್ಕೆ ಬೇರೆ ದಾರಿಯಿದೆ. ಅಮೆರಿಕದ ಅಲಾಸ್ಕಾ ರಾಜ್ಯ ತೈಲದ ಹಣಕ್ಕಾಗಿ 1976ರಲ್ಲಿ ಶಾಶ್ವತ ನಿಧಿ ಕಟ್ಟಿತು. 1982ರಿಂದ ಅದರ ಗಳಿಕೆಯ ಪಾಲನ್ನು ಪ್ರತಿ ನಿವಾಸಿಗೂ, ಹಸುಳೆಯ ಹೆಸರಿಗೂ, ವರ್ಷಕ್ಕೊಮ್ಮೆ ಸಮವಾಗಿ ಕೊಡುತ್ತ ಬಂದಿದೆ. ನಗದು ಕೊಟ್ಟರೆ ಜನ ಪೋಲು ಮಾಡುತ್ತಾರೆ, ಶಾಲೆ–ರಸ್ತೆಗೆ ಹಣ ಸಾಲದಾಗುತ್ತದೆ ಎಂಬ ಭಯ ಸಹಜ. ಪೂರ್ತಿ ಹಣವನ್ನು ಹೀಗೆ ಹಂಚಿ ಎಂದು ಯಾರೂ ಹೇಳುತ್ತಿಲ್ಲ. ಒಂದು ಭಾಗವಾದರೂ ಹಕ್ಕಾಗಿ ಕೈಗೆ ಬಂದರೆ ಗಣಿಯ ಲೆಕ್ಕ ಕೇಳುವವರ ಸಂಖ್ಯೆ ಹೆಚ್ಚುತ್ತದೆ. ಅಲಾಸ್ಕಾದಲ್ಲಿ 2016ರಲ್ಲಿ ರಾಜ್ಯಪಾಲ ಈ ಪಾಲನ್ನು ಕಡಿತ ಮಾಡಿದಾಗ ವಿಷಯ ಕೋರ್ಟು ಹತ್ತಿತು, ಮುಂದಿನ ಚುನಾವಣೆಗಳ ಮುಖ್ಯ ಜಗಳವೂ ಅದೇ ಆಯಿತು. ಬಳ್ಳಾರಿಯಲ್ಲಿ ಗಣಿಬಾಧಿತ ಹಳ್ಳಿಗಳ ಪಟ್ಟಿ ಆಗಲೇ ಇದೆ. ಆ ಹಳ್ಳಿಗಳ ಹೆಂಗಸರ ಬ್ಯಾಂಕ್ ಖಾತೆಗೆ ಪ್ರತಿ ತಿಂಗಳು ಹಣ ಹಾಕುವ ವ್ಯವಸ್ಥೆಯನ್ನು ಗೃಹಲಕ್ಷ್ಮಿ ಯೋಜನೆ ರೂಢಿ ಮಾಡಿದೆ. ಅದೇ ಖಾತೆಗೆ ಅದಿರಿನ ಪಾಲೂ ಹೋಗಲು ಬೇಕಿರುವುದು ಮಾರ್ಗಸೂಚಿಯಲ್ಲಿ ಒಂದು ತಿದ್ದುಪಡಿ, ಅದೂ ಅದಿರಿಗೆ ಬೆಲೆ ಇರುವಾಗಲೇ.